ಬೇಲಿಯ ಮೇಲಿನ ಕೈ

೨೦೨೪ರ ಏಪ್ರಿಲ್ ಇಪ್ಪತ್ತೆಂಟು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ, ಕರೆಂಟು ಹೋಗಿದೆ, ಫ್ಯಾನು ಇನ್ನೊಂದು ಸುತ್ತು ಬರಲೋ ಬೇಡವೋ ಎಂಬಂತೆ ತೂಗಿ ನಿಂತಿತು, ಅದನ್ನೇ ನೋಡುತ್ತಿದ್ದ ಅವ್ವನ ಕಣ್ಣುಗಳೂ ಅಲ್ಲೇ ನಿಂತವು, ಕಾವ್ಯ ಬೆಚ್ಚಿ ಅವಳ ಎದೆ ನೋಡಿದಳು — ಏರುತ್ತಿದೆ, ಇಳಿಯುತ್ತಿದೆ, ನಡುವೆ ಬಿಡುವು ದೊಡ್ಡದಾಗುತ್ತಿದೆ — ಆಗ ಅವ್ವ ಮತ್ತೆ ಅದನ್ನೇ ಕೇಳಿದಳು, ಕಾವ್ಯಾ, ನೀನು ಓದಿದೋಳು, ನನ್ ಹತ್ರ ಸುಳ್ಳು ಹೇಳಲ್ಲ, ಹೇಳು, ಆ ಶಿಲುಬೆ ಸ್ವಾಮಿಗೆ ಮೈ ಐತಾ? ಬೆಳಿಗ್ಗೆಯಿಂದ ಇದೊಂದೇ ಪ್ರಶ್ನೆ, ನೀರು ಬೇಕೆನ್ನಲಿಲ್ಲ, ನೋವು ಎನ್ನಲಿಲ್ಲ, ಲಿವರ್ ಪೂರ್ತಿ ಹೋಗಿದೆ, ಮನೆಗೆ ಕರ್ಕೊಂಡು ಹೋಗಿ ಎಂದು ದುರ್ಗದ ಡಾಕ್ಟರು ಅಂದ ಮೇಲೆ ಹಳ್ಳಿಗೆ, ಸಿದ್ದಾಪುರದ ಮನೆಗೆ ಬೇಡ, ಚಳ್ಳಕೆರೆಯ ತನ್ನ ಮನೆಯಲ್ಲೇ ಇರಲಿ ಎಂದು ಕರೆತಂದವಳು ಕಾವ್ಯ, ಕಂಬಿಗಳಿರುವ ಈ ಆಸ್ಪತ್ರೆ ಮಂಚವನ್ನು ಬಾಡಿಗೆಗೆ ತಂದವಳೂ ಅವಳೇ, ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು ಎಲ್ಲಕ್ಕೂ ಉತ್ತರ ಇಟ್ಟುಕೊಂಡಿರುತ್ತಾಳೆ ಎಂಬುದು ಅವ್ವನ ನಂಬಿಕೆ. ಕಿಟಕಿಯಾಚೆ ಜಗಲಿಯಲ್ಲಿ ಸೋದರಮಾವ ಬೋರಣ್ಣ ಪಾಸ್ಟರ್ ಚಂದ್ರಣ್ಣನಿಗೆ ದಬಾಯಿಸುತ್ತಿದ್ದಾನೆ, ಲೇ ಚಂದ್ರ, ನಮ್ ದೇವ್ರು ಹುಲ್ಲು ಮೇಯ್ತೈತೆ, ಸಗಣಿ ಹಾಕ್ತೈತೆ, ಸತ್ರೆ ಪೂಜೆ ಮಾಡಿ ಮಣ್ಣು ಮಾಡ್ತೀವಿ, ನಿಮ್ಮೋನು ಏನ್ ತಿಂತಾನ್ಲೇ? — ಸುಟ್ಟ ಮೀನು ತಿಂದ್ರು ಬೋರಣ್ಣಾರೇ, ಸತ್ತು ಎದ್ದ ಮೇಲೆ, ಎಲ್ರ ಮುಂದೇನೇ — ಥೂ, ಈ ಬರಗೆಟ್ಟ ಸೀಮೆಯಾಗೆ ಮೀನೆಲ್ಲಿಂದ ತರ್ತೀಯೋ. ನಗು ಬರಬೇಕಿತ್ತು, ಬರಲಿಲ್ಲ. ಮಾವ ದೇವರ ಎತ್ತುಗಳನ್ನು ಕಾಯುವ ಕಿಲಾರಿ, ಹುಟ್ಟಿದಾಗಿನಿಂದ ಅವುಗಳ ಹಿಂದೆ ನಡೆದವನು, ಅವುಗಳ ಬೆನ್ನು ತಿಕ್ಕಿ ಅವನ ಅಂಗೈ ನುಣುಪಾಗಿದೆ, ಅವ್ವ ಮಾತ್ರ ಮುಟ್ಟುವಂತಿರಲಿಲ್ಲ, ಹೆಂಗಸರು ಎತ್ತಿನ ಗೂಡಿನೊಳಗೆ ಕಾಲಿಡುವಂತಿಲ್ಲ, ಒಮ್ಮೆ, ಇನ್ನೂ ಲಂಗ ತೊಡುವ ಹುಡುಗಿ, ಕಾರೆಮುಳ್ಳಿನ ಬೇಲಿಯ ಮೇಲಿಂದ ಕೈ ಚಾಚಿದ್ದಳಂತೆ, ಎತ್ತು ಕತ್ತು ತಿರುಗಿಸಿತಂತೆ, ಬಿಸಿ ಉಸಿರು ಅಂಗೈಗೆ ಬಂತು ಕಣೇ, ಮೈ ಸಿಗಲಿಲ್ಲ, ಅಷ್ಟರಾಗೆ ನಮ್ಮಣ್ಣ ಕೋಲಾಗೆ ಹೊಡೆದ — ಅದನ್ನು ಎಷ್ಟು ಸಲ ಹೇಳಿದ್ದಾಳೋ, ಪ್ರತಿ ಸಲವೂ ಕೈ ಚಾಚಿಯೇ ಹೇಳುತ್ತಿದ್ದಳು, ಮೊಣಕೈ ಹತ್ತಿರ ಮುಳ್ಳು ಗೀರಿದ ಬಿಳಿ ಗೆರೆ. ಅದಕ್ಕೇ ಅವಳು ಪ್ರಾರ್ಥನೆ ಮನೆಗೆ ಹೋಗತೊಡಗಿದ್ದು, ಕಾಯಿಲೆಗಲ್ಲ, ಯಾರೋ ಅಂದುಕೊಂಡಂತೆ ಅಕ್ಕಿಗೂ ಅಲ್ಲ, ನಂಬದ ಶಿಷ್ಯನೊಬ್ಬನಿಗೆ ಸ್ವಾಮಿ ತನ್ನ ಗಾಯ ತೋರಿಸಿ ಬಾ ಮುಟ್ಟು ಎಂದನೆಂದು ಚಂದ್ರಣ್ಣ ಓದಿದ ದಿನ ಇವಳು ಎದ್ದು ನಿಂತು, ಹೆಂಗಸ್ರೂ ಮುಟ್ಟಬಹುದಾ? ಎಂದು ಕೇಳಿದಳಂತೆ. ಕಾವ್ಯ ಚಂದ್ರಣ್ಣನನ್ನು ನೇರವಾಗಿ ಕೇಳಿದ್ದಳು, ಅವನು ಲಾರಿ ಓಡಿಸುತ್ತಿದ್ದವನು, ಸುತ್ತಿ ಬಳಸಿ ಹೇಳಲಿಲ್ಲ, ತಂದೆ ದೇವರಿಗೆ ಮೈಯಿಲ್ಲಮ್ಮ, ಆತ್ಮ, ಮಗ ಮೈ ತಗೊಂಡು ಬಂದ್ರು, ಎದ್ದ ಮೇಲೂ ಬಿಡಲಿಲ್ಲ, ಅದೇ ಮೈಯಲ್ಲೇ ಮೇಲೆ ಹೋದ್ರು, ಗಾಯದ ಸಮೇತ. ಮೇಲೆ ಎಂದರೆ ಎಲ್ಲಿ, ಮೈಯೆಂದರೆ ಅದಕ್ಕೊಂದು ಜಾಗ ಬೇಕು, ತೂಕ ಬೇಕು, ಶಾಖ ಬೇಕು, ಶಾಖ ಹೆಚ್ಚಿದ ಕಡೆಯಿಂದ ಕಡಿಮೆಯ ಕಡೆಗೆ ಹರಿಯುತ್ತದೆ, ಎರಡೂ ಸಮವಾದರೆ ಹರಿವು ನಿಲ್ಲುತ್ತದೆ, ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದಾಳೆ, ಇದರಲ್ಲಿ ಆ ಮೈಯನ್ನು ಎಲ್ಲಿ ಇಡುವುದು? ಐತೆ ಅಂದರೆ ಸುಳ್ಳು, ಅವ್ವನಿಗೆ ಈವರೆಗೆ ಹೇಳದ ಸುಳ್ಳು, ಇಲ್ಲ ಅಂದರೆ ಈ ಹೆಂಗಸು ಬೇಲಿಯ ಹೊರಗೇ ಸಾಯುತ್ತಾಳೆ, ಗೊತ್ತಿಲ್ಲ ಎಂಬುದು ನಿಜ, ಆದರೆ ಗೊತ್ತಿಲ್ಲ ಎಂಬುದನ್ನು ಯಾರು ಮುಟ್ಟುತ್ತಾರೆ — ಅವ್ವ ಕೈ ಎತ್ತಿದಳು, ಮಂಚದ ಕಂಬಿಯ ಮೇಲಿಂದ ಆಚೆಗೆ, ಬೆರಳು ಬಿಡಿಸಿ, ಕಾವ್ಯ ತನ್ನ ಕೈ ಒಡ್ಡಿದಳು, ಅವ್ವ ಸವರಿ ನೋಡಿ, ಇದು ನಿನ್ ಕೈ ಕಣೇ, ಎಂದು ಪಕ್ಕಕ್ಕೆ ಸರಿಸಿ ಮತ್ತೆ ಚಾಚಿದಳು, ಹೇಳಬೇಕು, ಈಗಲೇ ಹೇಳಬೇಕು, ಜಗಲಿಯಲ್ಲಿ ಮಾವ, ಅಂಗಾದ್ರೆ ಅವನ ಮೈ ತೊಳೆಯೋರು ಯಾರ್ಲೇ? ಎನ್ನುತ್ತಿದ್ದಾನೆ, ಕಾವ್ಯ ಬಗ್ಗಿ ಕಿವಿಯ ಹತ್ತಿರ ಹೇಳಿದಳು, ಐತವ್ವಾ, ಮೈ ಐತೆ, ಮುಟ್ಟಬಹುದು. ಎದೆ ಏರಲಿಲ್ಲ. ಹೇಳುವ ಮೊದಲೇ ಏರಿರಲಿಲ್ಲವೇ, ಕೇಳಿಸಿತೇ, ಮಾತು ಮುಟ್ಟಿತೇ, ಅವ್ವಾ, ಅವ್ವಾ — ಕೈ ಹಾಗೇ ಇದೆ, ಕಂಬಿಯ ಮೇಲೆ ಮೊಣಕೈ, ಬಿಳಿ ಗೆರೆ, ಬಿಡಿಸಿದ ಬೆರಳು, ಆಚೆ ಏನೂ ಇಲ್ಲ, ಕಾವ್ಯ ಆ ಕೈ ಹಿಡಿದಳು, ಬೆಚ್ಚಗಿದೆ, ಎಷ್ಟು ಹೊತ್ತು ಹಿಡಿದರೂ ಬೆಚ್ಚಗೇ ಇದೆ, ಜೀವವಿದ್ದ ಹಾಗೇ, ಯಾರೋ ಆಚೆಯಿಂದ ಹಿಡಿದುಕೊಂಡಿರುವ ಹಾಗೇ, ಒಂದು ಕ್ಷಣ ಹಾಗೆಂದೇ ನಂಬಿದಳು, ಆಮೇಲೆ ಕಣ್ಣು ತಾನಾಗಿ ಗೋಡೆಗೆ ಹೋಯಿತು, ಥರ್ಮಾಮೀಟರಿನ ಕೆಂಪು ಗೆರೆಗೆ, ಬೇಲಿಯ ಮೇಲೆ ಕೈ, ಕೋಣೆಯ ಉಷ್ಣಾಂಶವೂ ಮೈಯಷ್ಟೇ, ಮೂವತ್ತೇಳು ಡಿಗ್ರಿ ಸೆಲ್ಸಿಯಸ್.