ಅಪ್ಪನ ಕೆಂಡದ ಬಾಂಡ್ಲಿ

ಚಳಿ ಶುರುವಾಯಿತೆಂದರೆ ಆ ಓಣಿಯಲ್ಲಿ ಎಲ್ಲರ ಕಾಲೂ ಇಸ್ತ್ರಿ ಅಂಗಡಿಯ ಕಡೆಗೇ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬೊಬ್ಬರಾಗಿ ಕಬ್ಬಿಣದ ಬಾಂಡ್ಲಿ ಹಿಡಿದು ಬಂದು ನಿಲ್ಲುತ್ತಾರೆ. ದಿನವಿಡೀ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಒದಗಿಸಿದ ಒಲೆಯಲ್ಲಿ ಉಳಿದದ್ದನ್ನೆಲ್ಲ ಇಸ್ತ್ರಿಯಣ್ಣ ಇಕ್ಕಳದಿಂದ ಹೆಕ್ಕಿ ಎಲ್ಲರಿಗೂ ಹಂಚುತ್ತಾನೆ. ಕಾಸು ಕೇಳುವುದಿಲ್ಲ. ಅವನ ಅಪ್ಪನೂ ಕೇಳುತ್ತಿರಲಿಲ್ಲ. ಬಾಂಡ್ಲಿ ಮನೆಗೆ ಹೋಗಿ ಮಲಗುವ ಕೋಣೆಯ ಮೂಲೆ ಸೇರುತ್ತದೆ. ಬಾಗಿಲು ಮುಚ್ಚಿಕೊಂಡು ಮನೆಮಂದಿ ಬೆಚ್ಚಗೆ ಮಲಗುತ್ತಾರೆ.

ಇದನ್ನು ನಿಲ್ಲಿಸಬೇಕೆಂದು ಹಟ ಹಿಡಿದವಳು ಬೇರೆ ಯಾರೂ ಅಲ್ಲ, ಇಸ್ತ್ರಿಯಣ್ಣನ ಒಡಹುಟ್ಟಿದ ತಂಗಿ.

ಅವಳು ಪರದೇಶದಿಂದ ವಾಪಸು ಬಂದದ್ದು ಹೋದ ಬೇಸಿಗೆಯಲ್ಲಿ. ಹೋಗುವಾಗ ಗಂಡನ ಜೊತೆ ಹೋದವಳು, ಬರುವಾಗ ಒಬ್ಬಳೇ ಬಂದಳು. ಅಲ್ಲಿ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಬ್ಬರಿಗೂ ಕೆಲಸವಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಅಲ್ಲೇ ಇರಬಹುದಿತ್ತು, ಕೆಲಸಕ್ಕೇನೂ ಕುಂದಿರಲಿಲ್ಲ. ಆದರೆ ಚಳಿ ಬಂದಾಗಲೆಲ್ಲ ಅವಳ ಕಣ್ಣಿಗೆ ತನ್ನ ಓಣಿಯೇ ಕಟ್ಟುತ್ತಿತ್ತು. ಸಾಲಾಗಿ ನಿಂತ ಬಾಂಡ್ಲಿಗಳು, ಮುಚ್ಚಿದ ಬಾಗಿಲುಗಳು. ಅಲ್ಲಿ ಕೂತು ಅಳುವುದಕ್ಕಿಂತ ಇಲ್ಲಿ ಬಂದು ಹೇಳುವುದು ಮೇಲು ಅನ್ನಿಸಿ ಗಂಟುಮೂಟೆ ಕಟ್ಟಿದಳು.

ಪಾಪ, ಇನ್ನು ಮೂಲೆ ಹಿಡಿದು ಕೂರುತ್ತಾಳೆ ಎಂದುಕೊಂಡಿದ್ದರು ಓಣಿಯವರು. ಅವಳು ನೆಟ್ಟಗೆ ಆರೋಗ್ಯ ಕೇಂದ್ರಕ್ಕೆ ಹೋಗಿ, "ನನಗೊಂದು ಕೆಲಸ ಕೊಡಿ, ಸಂಬಳ ಆಮೇಲೆ ನೋಡೋಣ" ಅಂದಳು. ತರಬೇತಿ ಪಡೆದಳು. ಚಳಿ ಬೀಳುತ್ತಿದ್ದಂತೆ ಮನೆ ಮನೆಗೆ ಹೋಗಿ, "ಎಲ್ಲಿ, ನಿಮ್ಮ ಬಾಂಡ್ಲಿ ತೋರಿಸಿ" ಎಂದು ಶುರು ಹಚ್ಚಿಕೊಂಡಳು. ಮಕ್ಕಳು ಅವಳಿಗೆ ಬಾಂಡ್ಲಿ ಅತ್ತೆ ಎಂದೇ ಹೆಸರಿಟ್ಟವು. ದೊಡ್ಡವರು ಹೆಸರಿಡಲಿಲ್ಲ, ಆದರೆ ಅವಳ ಮಾತನ್ನು ಕಿವಿಗೂ ಹಾಕಿಕೊಳ್ಳಲಿಲ್ಲ.

"ಕೆಂಡ ಕೊಡೋನು ನಿನ್ನ ಅಣ್ಣ, ಬೇಡ ಅನ್ನೋಳು ನೀನು. ಮೊದಲು ನೀವಿಬ್ರೂ ಮಾತಾಡ್ಕೊಂಡು ಬನ್ನಿ ತಾಯಿ" ಎಂದು ಓಣಿಯ ಬಡಗಿ ನಕ್ಕು ಕಳಿಸಿದ್ದ.

ಅವನು ಹೇಳಿದ್ದು ನಿಜವೇ. ಅಣ್ಣನ ಹತ್ತಿರ ಅವಳು ಗಟ್ಟಿಯಾಗಿ ಮಾತಾಡಿರಲಿಲ್ಲ. ಆ ಅಂಗಡಿಗೆ ಕಾಲಿಟ್ಟರೆ ಸಾಕು, ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಒದ್ದೆ ಬಟ್ಟೆಯ ಮೇಲೆ ಕಾದ ಕಬ್ಬಿಣ ಹರಿದಾಗ ಬರುವ ಆ ವಾಸನೆ ಅವಳಿಗೆ ಅಪ್ಪನ ವಾಸನೆ. ಇಸ್ತ್ರಿ ಪೆಟ್ಟಿಗೆಯ ಮುಚ್ಚಳಕ್ಕೆ ಚಿಲಕವಾಗಿದ್ದ ಹಿತ್ತಾಳೆ ಹುಂಜ ಈಗಲೂ ಅಲ್ಲೇ ಇತ್ತು. ಅದನ್ನು ತಿರುಗಿಸುವ ಭಾಗ್ಯ ಯಾರದ್ದೆಂದು ಅಣ್ಣ ತಂಗಿ ಎಷ್ಟು ಸಲ ಜಗಳ ಕಾದಿದ್ದರೋ. ಇಸ್ತ್ರಿ ಮಾಡುವ ಮೇಜಿನ ಆ ಕಡೆ ನಿಂತು ಅವಳ ಗಂಡ ಕೂಡ ಅಪ್ಪನ ಕೈಕೆಳಗೆ ಕೆಲಸ ಕಲಿತಿದ್ದ. ಇಷ್ಟೆಲ್ಲ ಇರುವ ಜಾಗದಲ್ಲಿ ನಿಂತು, ಅಪ್ಪನಿಂದ ಬಂದ ಒಂದು ಅಭ್ಯಾಸ ಕೆಟ್ಟದ್ದು ಎನ್ನುವುದು ಹೇಗೆ?

ಆದರೆ ಅಣ್ಣನ ಮಗಳು ಎಳೆ ಕೂಸನ್ನು ಎತ್ತಿಕೊಂಡು ತವರಿಗೆ ಬಂದ ಮೇಲೆ ಸುಮ್ಮನಿರುವುದು ಅವಳಿಂದಾಗಲಿಲ್ಲ. ಬಂದು ವಾರವಾಗಿತ್ತಷ್ಟೆ. ಬೆಳಿಗ್ಗೆ ಬೆಳಿಗ್ಗೆಯೇ ಅಣ್ಣನ ಮನೆಗೆ ಹೋದಳು. ಅಂಗಡಿಯ ಹಿಂದೆಯೇ ಮನೆ. ಅತ್ತಿಗೆ ಚಹಾ ಸೋಸುತ್ತಿದ್ದಳು. ಅಣ್ಣ ಹೊಸ್ತಿಲ ಮೇಲೆ ಕೂತು ಬಾಂಡ್ಲಿಯ ಬೂದಿ ಕೊಡವುತ್ತಿದ್ದ.

"ಅಣ್ಣಾ, ಕೂಸಿರೋ ಕೋಣೇಲೂ ಕೆಂಡ ಇಡ್ತಿದ್ದೀಯಾ?"

"ಇಡದೆ? ಈ ಚಳೀಲಿ ಅದು ನಡುಗ್ತಾ ಇರ್ಲಿ ಅಂತೀಯಾ?"

"ನಡುಗಬಾರ್ದು ಸರಿ. ಅದಕ್ಕೆ ಬೇರೆ ದಾರಿ ಇದೆ. ಕೆಂಡ ಬೇಡ."

"ಹೊಗೆ ಇಲ್ವಲ್ಲೇ! ಚೆನ್ನಾಗಿ ಕೆಂಪಾದ ಮೇಲೇನೇ ಒಳಗೆ ತರೋದು. ಮೇಲೆ ಬೂದಿ ಬೇರೆ ಮುಚ್ತೀನಿ."

"ಹೊಗೆ ಇದ್ದಿದ್ರೆ ಕೆಮ್ಮಾದ್ರೂ ಬರ್ತಿತ್ತು, ಕಣ್ಣಾದ್ರೂ ಉರೀತಿತ್ತು. ಈ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಾರ್ಬನ್ ಮಾನಾಕ್ಸೈಡ್ ಅಂತಾರೆ. ಕೆಂಡ ಎಷ್ಟೇ ಕೆಂಪಗಿರ್ಲಿ, ಬೂದಿ ಮುಚ್ಚಿರ್ಲಿ, ಅದನ್ನ ಬಿಡ್ತಾನೇ ಇರುತ್ತೆ. ಅದು ರಕ್ತಕ್ಕೆ ಸೇರ್ಕೊಂಡು ಒಳ್ಳೇ ಗಾಳಿಗೆ ಜಾಗಾನೇ ಕೊಡಲ್ಲ. ಮಲಗಿರೋರಿಗೆ ಎಚ್ಚರಾನೂ ಆಗಲ್ಲ ಅಣ್ಣಾ."

ಅಣ್ಣ ಬಾಂಡ್ಲಿಯನ್ನು ಧಡಾರನೆ ಕೆಳಗಿಟ್ಟ. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

"ಅಪ್ಪ ಹೀಗೇ ಇಡ್ತಿದ್ದ. ನಾವೇನು ಸತ್ತು ಹೋದ್ವಾ? ನೀನು ಪರದೇಶದಿಂದ ನಾಲ್ಕು ಮಾತು ಕಲ್ತು ಬಂದು ಅಪ್ಪನಿಗೇ ತಪ್ಪು ಹಿಡೀತೀಯಲ್ಲ!"

ಇದೇ ಮಾತನ್ನು, ಇಷ್ಟೇ ಸಿಟ್ಟಿನಿಂದ, ಅವಳೂ ಒಂದು ದಿನ ಆ ದೂರದ ಆಸ್ಪತ್ರೆಯ ಡಾಕ್ಟರಿಗೆ ಹೇಳಿದ್ದಳು.

ಅವಳು ಅಣ್ಣನ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತಳು. "ನಮ್ಮನೆಯವ್ರು ಹೇಗೆ ಹೋದ್ರು ಅಂತ ನಿನಗೆ ಗೊತ್ತಾ?"

"ನಿದ್ದೇಲಿ ಅಂದಿದ್ದೆ. ಎದೆನೋವು ಅಂದ್ಕೊಂಡೆ."

"ಎದೆನೋವಲ್ಲ. ನನಗೆ ರಾತ್ರಿ ಪಾಳಿ ಇತ್ತು. ಚಳಿ ಅಂದ್ರೆ ಚಳಿ. ಎಲ್ಲಿಂದಲೋ ಇದ್ದಿಲು ತಂದು, ಒಂದು ತಗಡಿನ ಡಬ್ಬದಲ್ಲಿ ಕೆಂಡ ಮಾಡಿ, ಕೋಣೇಲಿ ಇಟ್ಕೊಂಡು ಮಲಗಿದ್ರು. ನಮ್ಮ ಮನೇಲಿ ಕಲ್ತಿದ್ದನ್ನೇ ಮಾಡಿದ್ರು. ಮಾವನ ಮನೆ ಥರ ಬೆಚ್ಚಗಿರುತ್ತೆ ಅಂತ ಯಾವಾಗ್ಲೂ ಹೇಳ್ತಿದ್ರು. ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಕೋಣೆ ಬೆಚ್ಚಗೇ ಇತ್ತು ಅಣ್ಣಾ. ಅವರು ಮಾತ್ರ ತಣ್ಣಗಿದ್ರು."

ಅತ್ತಿಗೆ ಚಹಾದ ಪಾತ್ರೆ ಕೆಳಗಿಟ್ಟು ಹತ್ತಿರ ಬಂದಳು. ಇದನ್ನು ತಂಗಿ ಈವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಪ್ಪನ ಮೇಲೆ ಹೊರಿಸಿದ ಹಾಗಾಗುತ್ತದೆಂದು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

ಅಣ್ಣನ ಕಣ್ಣು ತುಂಬಿತು. ಆದರೂ ಅವನು ಸೋಲಲಿಲ್ಲ. "ಅಲ್ಲಿನ ಇದ್ದಿಲೇ ಬೇರೆ ಇರ್ಬೇಕು ಕಣೇ" ಎಂದು ಗೊಣಗಿದ. "ನಮ್ಮ ಕೋಣೇಲಿ ಅಷ್ಟು ಜನ ಮಲಗ್ತಿದ್ವಿ. ಒಬ್ರಿಗಾದ್ರೂ ಏನಾದ್ರೂ ಆಯ್ತಾ?"

"ಆ ಕೋಣೆ ನೆನಪಿದ್ಯಾ ನಿನಗೆ?"

"ನೆನಪಿಲ್ದೆ! ಬಾಗಿಲ ಹತ್ರ ಮಲಗೋ ಸರದಿ ಬಂದ್ರೆ ಅಳು ಬರ್ತಿತ್ತು. ಕೆಳಗಿಂದ ಗಾಳಿ ಕಾಲಿಗೆ ಕಚ್ಚೋದು." ಅಣ್ಣನ ಮುಖ ತಾನಾಗಿಯೇ ಸಡಿಲವಾಯಿತು. "ನೀನು ಮೋಸಗಾತಿ. ನಿದ್ದೆ ಬಂದೋಳ ಹಾಗೆ ಉರುಳಿ ಉರುಳಿ ನಡುವೆ ಸೇರ್ಕೊಳ್ತಿದ್ದೆ."

"ಹೆಂಚಿನ ಸಂದೀಲಿ ಚುಕ್ಕಿ ಕಾಣ್ತಿತ್ತು. ಅದನ್ನ ನೋಡ್ತಾ ಮಲಗ್ತಿದ್ದೆ ನಾನು."

"ಆ ಕಳ್ಳ ಬೆಕ್ಕು! ಬಾಗಿಲು ಹಾಕಿದ್ರೂ ಅಡಿಯಿಂದ ತೂರ್ಕೊಂಡು ಬಂದು ಕೆಂಡದ ಹತ್ರ ಮಲಗ್ತಿತ್ತು. ಅಪ್ಪ ಒದ್ದು ಓಡಿಸ್ತೀನಿ ಅಂತಿದ್ದ, ಬೆಳಿಗ್ಗೆ ನೋಡಿದ್ರೆ ಅಪ್ಪನ ಹೊದಿಕೆ ಒಳಗೇ ಇರ್ತಿತ್ತು." ಅಣ್ಣ ನಕ್ಕ. ಅವಳೂ ನಕ್ಕಳು. ಒಂದು ಗಳಿಗೆ ಆ ಕೋಣೆ, ಆ ಅಪ್ಪ, ಆ ಬೆಕ್ಕು ಎಲ್ಲವೂ ಹೊಸ್ತಿಲ ಮೇಲೆ ಅವರ ಜೊತೆ ಕೂತಂತಿತ್ತು.

"ಅಣ್ಣಾ," ಅವಳು ಮೆಲ್ಲಗೆ ಕೇಳಿದಳು, "ಆ ಬೆಕ್ಕು ತೂರ್ತಿದ್ದ ಸಂದಿ ಈಗ ಎಲ್ಲಿದೆ?"

ಅಣ್ಣನ ನಗು ನಿಂತಿತು. ಬಾಗಿಲ ಅಡಿ ನೋಡಿದ, ತಲೆಯೆತ್ತಿ ಮೇಲೆ ನೋಡಿದ. ಹೆಂಚು ತೆಗೆಸಿ ಸಿಮೆಂಟಿನ ತಾರಸಿ ಹಾಕಿಸಿದವನು ಅವನೇ. ಹೊಸ ಬಾಗಿಲು ಕೂರಿಸಿದವನು ಅವನೇ. ಕೂಸು ಬರುತ್ತದೆಂದು ಬಾಗಿಲಡಿಗೆ ಹಳೆ ಬಟ್ಟೆ ತುರುಕಿ, ಕಿಟಕಿಯ ಬಿರುಕಿಗೆ ಕಾಗದ ಅಂಟಿಸಿದವನೂ ಅವನೇ.

"ಅಪ್ಪನ ಕೋಣೇಲಿ ಗಾಳಿ ಆಡ್ತಿತ್ತು. ನಮ್ಮ ಪುಣ್ಯ, ಬದುಕಿದ್ವಿ. ಅದೂ ಅಪಾಯಾನೇ, ಆದ್ರೆ ಅಪ್ಪನಿಗೆ ಗೊತ್ತಿರ್ಲಿಲ್ಲ. ನಮಗೆ ಈಗ ಗೊತ್ತಲ್ಲ?"

"ಹಾಗಾದ್ರೆ ಕಿಟಕಿ ಸ್ವಲ್ಪ ತೆಗೆದಿಟ್ರೆ ಆಯ್ತಲ್ಲ?" ಅಣ್ಣ ಕೊನೆಯ ಚೌಕಾಸಿಗೆ ಇಳಿದ.

"ಸಾಲದು. ಎಷ್ಟು ತೆಗೆದ್ರೆ ಸಾಕು ಅಂತ ಕಣ್ಣಿಗೆ ಕಾಣೋ ವಿಷಯ ಅಲ್ಲ ಅದು. ಮಲಗೋ ಕೋಣೆಗೆ ಕೆಂಡ ತರಲೇಬಾರ್ದು."

ಅಷ್ಟರಲ್ಲಿ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಮುಖ ಬಾಡಿತ್ತು. "ಅತ್ತೆ, ನನಗೆ ದಿನಾ ಬೆಳಿಗ್ಗೆ ತಲೆ ಭಾರ. ವಾಕರಿಕೆ ಬೇರೆ. ನಿದ್ದೆ ಸಾಲದೆ ಹಾಗಾಗುತ್ತೆ ಅಂತ ಅಮ್ಮ ಅಂದ್ಲು."

"ಹೊರಗೆ ಬಂದು ಕೂತ್ರೆ?"

"ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ."

ತಂಗಿ ಕೂಡಲೇ ತಾಯಿ ಮಗು ಇಬ್ಬರನ್ನೂ ಅಂಗಳಕ್ಕೆ ಕರೆತಂದು, "ಅಣ್ಣಾ, ಆಟೋ ಕರಿ" ಅಂದಳು. ಅಣ್ಣ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ. ದಾರಿಯುದ್ದಕ್ಕೂ ಅವನು ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಲೇ ಇದ್ದ.

ಆರೋಗ್ಯ ಕೇಂದ್ರದ ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿದರು. ತಾಯಿಗೆ ಆಮ್ಲಜನಕ ಕೊಟ್ಟರು, ಕೂಸನ್ನು ಮಧ್ಯಾಹ್ನದವರೆಗೂ ಕಣ್ಣಳತೆಯಲ್ಲೇ ಇಟ್ಟುಕೊಂಡರು. ಕೊನೆಗೆ, "ಇಬ್ಬರೂ ಕ್ಷೇಮ. ಒಳ್ಳೇ ಹೊತ್ತಿಗೆ ಬಂದ್ರಿ. ಇನ್ನೊಂದು ರಾತ್ರಿ ಕಳೆದಿದ್ರೆ ಏನಾಗ್ತಿತ್ತು ಅಂತ ನಾನು ಹೇಳಲಾರೆ" ಅಂದರು. ಅಣ್ಣ ತಂಗಿಯ ಕೈ ಹಿಡಿದುಕೊಂಡ, ಬಿಡಲೇ ಇಲ್ಲ.

"ಕೂಸಿಗೆ ಬೆಚ್ಚಗಾಗೋಕೆ ಏನು ಮಾಡೋದು ಡಾಕ್ಟ್ರೇ?" ಎಂದು ಕೇಳಿದ.

"ತಾಯಿ ಎದೆಗೆ ಅಪ್ಪಿಕೊಳ್ಳಲಿ, ಅದಕ್ಕಿಂತ ಬೆಚ್ಚಗಿನ ಜಾಗ ಇಲ್ಲ. ತಲೆಗೆ ಟೋಪಿ, ಕಾಲಿಗೆ ಚೀಲ, ಒಣಗಿದ ಬಟ್ಟೆ ಒಂದರ ಮೇಲೊಂದು."

"ಬಟ್ಟೆ ಬೆಚ್ಚಗೆ ಮಾಡಿ ಹಾಕಬಹುದಾ?"

"ಹಾಕಿ. ಬಿಸಿ ಇರಬಾರದು, ನಿಮ್ಮ ಕೆನ್ನೆಗೆ ಹಿಡಿದು ನೋಡಿ."

ಅಣ್ಣ ತಲೆಯಾಡಿಸಿದ. ಬಟ್ಟೆ ಬೆಚ್ಚಗೆ ಮಾಡುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂದು ಸಂಜೆ ಎಂದಿನಂತೆ ಬಾಂಡ್ಲಿಗಳು ಬಂದು ಸಾಲು ನಿಂತವು. ನೋಡಿದರೆ ಒಲೆಯಲ್ಲಿ ಕೆಂಡವೇ ಇಲ್ಲ. ಇಸ್ತ್ರಿ ಪೆಟ್ಟಿಗೆಯಲ್ಲಿ ಇದ್ದಷ್ಟು ಬಿಟ್ಟು ಉಳಿದದ್ದನ್ನೆಲ್ಲ ಅವನು ಬಯಲಲ್ಲಿ ಹರಡಿ ನೀರು ಸುರಿದಿದ್ದ.

"ಏನಪ್ಪಾ, ನಿನಗೂ ಜಿಪುಣತನ ಬಂತಾ?" ಬಡಗಿ ರೇಗಿಸಿದ. "ಅಪ್ಪನ ಕಾಲದಿಂದ ಬಂದ ಧರ್ಮ ಬಿಟ್ಟುಬಿಟ್ಯಾ?"

"ಬಿಟ್ಟಿಲ್ಲ" ಅಂದ ಇಸ್ತ್ರಿಯಣ್ಣ. ಬೆಳಿಗ್ಗೆಯಿಂದ ಆದದ್ದನ್ನು ಒಂದೂ ಬಿಡದೆ ಹೇಳಿದ. ತಂಗಿಯ ಗಂಡ ಹೇಗೆ ಹೋದ ಎಂಬುದನ್ನೂ ಹೇಳಿದ. ಆ ಮನುಷ್ಯನ ಕೈಯಲ್ಲಿ ಇಸ್ತ್ರಿ ಮಾಡಿಸಿಕೊಂಡ ಅಂಗಿ ತೊಟ್ಟವರೇ ಅಲ್ಲಿದ್ದವರೆಲ್ಲ. ಹಾಲು ಮಾರುವವಳು ಬಾಂಡ್ಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಬಾಂಡ್ಲಿ ಮನೇಲಿಟ್ಟು ಬನ್ನಿ. ನಿಮ್ಮ ನಿಮ್ಮ ಹೊದಿಕೆ ತನ್ನಿ" ಅಂದ ಇಸ್ತ್ರಿಯಣ್ಣ. "ಈ ಚಳಿ ಮುಗಿಯೋವರೆಗೂ ಮಲಗೋ ಮುಂಚೆ ನಾನು ಕಾಯಿಸಿ ಕೊಡ್ತೀನಿ. ಕಾಸು ಬೇಡ. ನಮ್ಮಪ್ಪ ಕೇಳ್ತಿರ್ಲಿಲ್ಲ."

ಬೀದಿಗೆ ತೆರೆದ ಆ ಅಂಗಡಿಯಲ್ಲಿ ಅಣ್ಣ ಹೊದಿಕೆಗಳ ಮೇಲೆ ಪೆಟ್ಟಿಗೆ ಓಡಿಸಿದ. ತಂಗಿ ಮೇಜಿನ ಆ ಕಡೆ, ಹಿಂದೆ ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಮಡಚಿದಳು. ಕೂಸಿನ ಪುಟ್ಟ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ಹದವಾಗಿತ್ತು. ಅವಳಿಗೆ ಅಳು ಬಂತು, ತಡೆಯಲಿಲ್ಲ.

"ಅಪ್ಪ ಇದ್ದಿದ್ರೆ ಇದನ್ನ ನೋಡಿ ಏನಂತಿದ್ದ?" ಅಣ್ಣ ಕೇಳಿದ.

"ಮಡಿಕೆ ಸೊಟ್ಟ ಇದೆ, ಬಿಚ್ಚಿ ಇನ್ನೊಂದು ಸಲ ಮಡಚು ಅಂತಿದ್ದ."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಗೆ ಇಂಥ ತಂಗಿ ಬಂದಿರಲಿಕ್ಕಿಲ್ಲ. ಅದಕ್ಕೇ ಅವಳ ಕಥೆ ನಿಮ್ಮ ಮನೆಗೆ ಬಂದಿದೆ. ಕೆಂಡ, ಇದ್ದಿಲು, ಸೌದೆ ಯಾವುದೇ ಇರಲಿ, ಮಲಗುವ ಕೋಣೆಯೊಳಗೆ ತರಬೇಡಿ. ಹೊಗೆ ಇಲ್ಲ ಎಂದು ನಂಬಬೇಡಿ, ಬೂದಿ ಮುಚ್ಚಿದೆ ಎಂದು ನಂಬಬೇಡಿ, ಕಿಟಕಿ ತೆರೆದಿದೆ ಎಂದೂ ನಂಬಬೇಡಿ. ಕೆಂಡವಿರುವ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಬಂದರೆ ಕೂಡಲೇ ಎಲ್ಲರೂ ಹೊರಗಿನ ಗಾಳಿಗೆ ಬನ್ನಿ. ಆಂಬುಲೆನ್ಸ್ ಕರೆಸಿ, ಆಸ್ಪತ್ರೆಗೆ ಹೋಗಿ, ಕೆಂಡವಿತ್ತು ಎಂಬುದನ್ನು ಮರೆಯದೆ ಡಾಕ್ಟರಿಗೆ ಹೇಳಿ. ಹಿರಿಯರು ಕೊಟ್ಟ ಪ್ರೀತಿಯನ್ನು ಇಟ್ಟುಕೊಳ್ಳಿ, ಬಾಂಡ್ಲಿಯನ್ನು ಮಾತ್ರ ಹೊರಗಿಡಿ.

ಇವತ್ತು ದೀಪ ಆರಿಸುವ ಮುಂಚೆ ಒಮ್ಮೆ ಎದ್ದು, ಬಾಂಡ್ಲಿ ಎಲ್ಲಿದೆ ನೋಡಿ ಬನ್ನಿ. ಬೆಳಿಗ್ಗೆ ನಿಮ್ಮ ಮನೆಯಲ್ಲಿ ಎಲ್ಲರೂ ಏಳಬೇಕು.