ವಸಂತಾಮಣಿ ಅಕ್ಕನ ಕೈಗುಣ

ಎರಡು ಸಾವಿರದ ಮೂರರಲ್ಲಿ ನಮ್ಮ ಊಟಿ ಆಸ್ಪತ್ರೆಯ ನರ್ಸುಗಳಿಗೆ ತರಬೇತಿ ಕೊಡಲು ಮೈಸೂರಿನಿಂದ ಒಬ್ಬರು ಮೇಡಂ ಬಂದರು. "ವಾರ್ಡಿನಲ್ಲಿ ದಿನಾ ಮಾಡುವ ಒಂದು ಕೆಲಸ ಆರಿಸಿಕೊಳ್ಳಿ. ಅದರಿಂದ ನಿಜವಾಗಿ ಉಪಯೋಗ ಇದೆಯೇ, ಯಾರಾದರೂ ಪರೀಕ್ಷಿಸಿದ್ದಾರೆಯೇ, ಹುಡುಕಿ," ಎಂದರು.

ನಾನು ಹೋಗಿ ಹೋಗಿ ನಮ್ಮ ಹಿರಿಯ ನರ್ಸ್ ವಸಂತಾಮಣಿ ಅಕ್ಕನ ತಂಟೆಗೇ ಹೋದೆ. ಮಲಗಿದಲ್ಲೇ ಇರುವ ರೋಗಿಗಳ ಬೆನ್ನು ಕೆಂಪಾದರೆ ಅಕ್ಕ ಸ್ಪಿರಿಟ್ ಹಚ್ಚಿ ಗಸಗಸ ತಿಕ್ಕುತ್ತಿದ್ದರು. ಅವರ ಕೈಗುಣದಿಂದಲೇ ಹುಣ್ಣಾಗುವುದಿಲ್ಲ ಎಂದು ದೂರದ ಕುಂದಾ ಊರಿನವರೆಗೂ ಹೆಸರು. ಡಾಕ್ಟರ ಕೋಣೆಯ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಕ್ಕಿದ್ದೇ ಬೇರೆ: ಕೆಂಪಾದ ಚರ್ಮವನ್ನು ತಿಕ್ಕಿದರೆ ಒಳಗೆ ಇನ್ನಷ್ಟು ಪೆಟ್ಟು, ಆಗಾಗ ಮಗ್ಗುಲು ಬದಲಿಸುವುದೇ ಮದ್ದು.

ಹೆದರುತ್ತಲೇ ತೋರಿಸಿದೆ. ಅಕ್ಕ ಎರಡು ಸಲ ಓದಿದರು. "ಇಷ್ಟು ವರ್ಷ ತಿಕ್ಕಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲೇ!" ಎಂದು ನಕ್ಕು ಸ್ಪಿರಿಟ್ ಬಾಟಲಿ ಎತ್ತಿಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ತೊಡಕಾದದ್ದು ಗುರುಸ್ವಾಮಿ ತಾತನಿಂದ. ಎಮರಾಲ್ಡ್ ಎಂಬ ಹಳ್ಳಿಯ ಕಡೆ ಕ್ಯಾರೆಟ್ ಬೆಳೆಯುವವರು. ಸೊಂಟದ ಆಪರೇಷನ್ ಆಗಿ ಮಲಗಿದ್ದರು; ಬೆನ್ನು ಆಗಲೇ ಕೆಂಪಾಗಿತ್ತು. ಹಾಗೇ ಬಿಟ್ಟರೆ ಹುಣ್ಣಾಗುವುದು ಖಂಡಿತ. ನಾನು ಹೊರಳಿಸಲು ಹೋದರೆ ಮಂಚದ ಸರಳು ಹಿಡಿದುಬಿಡುತ್ತಿದ್ದರು.

"ಮುಟ್ಬ್ಯಾಡ ಕಣವ್ವಾ, ಪ್ರಾಣ ಹೋಯ್ತದೆ. ದೊಡ್ಡ ಸಿಸ್ಟ್ರಮ್ಮ ಬರ್ಲಿ. ಅವರ ಕೈಗುಣವೇ ಬ್ಯಾರೆ."

ಅಕ್ಕ ಬಂದರೆ ತಾತ ಮಗುವಿನ ಹಾಗೆ ಹೊರಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ನಾನು ಹಿಡಿಯುವುದೂ ಹಾಗೆಯೇ, ದಿಂಬು ಇಡುವುದೂ ಅಲ್ಲಿಯೇ! "ತಾತಾ, ಕೈಗುಣ ಅನ್ನೋದೇ ಇಲ್ಲ," ಎಂದು ವಾದಿಸಿದೆ. ತಾತ ಮುಖ ತಿರುಗಿಸಿದರು. ಬೆನ್ನು ಮಾತ್ರ ತಿರುಗಿಸಲಿಲ್ಲ.

ಸಂಜೆ ಅಕ್ಕನ ಡ್ಯೂಟಿ ಮುಗಿಯಿತು. ಬೆಳಗಿನವರೆಗೆ ತಾತನಿಗೆ ನಾನೊಬ್ಬಳೇ ದಿಕ್ಕು. ನನ್ನ ಮುಖ ನೋಡಿದ ಅಕ್ಕ ನನ್ನನ್ನು ಮಂಚದ ಬಳಿಗೆ ಎಳೆದೊಯ್ದು, ನನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಯಜಮಾನರೇ, ನೋಡಿ. ನನ್ನ ಕೈಗುಣ ಈ ಹುಡುಗಿಗೆ ಕೊಟ್ಟಿದ್ದೀನಿ."

ಶುದ್ಧ ಸುಳ್ಳು! ಹಾಗೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಾತನ ಕೈ ಸರಳನ್ನು ಬಿಟ್ಟಿತು. ಮಾತು ನುಂಗಿಕೊಂಡು ಹೊರಳಿಸಿದೆ.

"ಹೂಂ ಕಣವ್ವಾ, ಬಂದದೆ ಬಂದದೆ," ಎಂದರು ತಾತ.

ವಾರದೊಳಗೆ ಕೆಂಪು ಇಳಿಯಿತು. ಸಣ್ಣ ಸಿಸ್ಟರಿಗೂ ಕೈಗುಣ ಬಂದಿದೆ ಎಂದು ತಾತ ಆಸ್ಪತ್ರೆಗೆಲ್ಲ ಡಂಗುರ ಸಾರಿದರು.

ತರಬೇತಿಯ ಕೊನೆಯ ದಿನ ಎಲ್ಲರೆದುರು ಎದೆಯುಬ್ಬಿಸಿ ವರದಿ ಒಪ್ಪಿಸಿದೆ: ಗುಣವಾದದ್ದು ಮಗ್ಗುಲು ಬದಲಿಸಿದ್ದರಿಂದ, ಬೇರಾವುದರಿಂದಲೂ ಅಲ್ಲ. ಆಗಲೇ ಆಯಾ ಕಮಲಂ ಬಾಗಿಲಲ್ಲಿ ಇಣುಕಿದಳು.

"ಹೆಂಗಸರ ವಾರ್ಡಿನ ಅಜ್ಜಿ ಯಾರು ಮುಟ್ಟಿದರೂ ಹೊರಳ್ತಿಲ್ಲ. ಕೈಗುಣ ಇರೋ ಸಣ್ಣ ಸಿಸ್ಟರೇ ಬೇಕಂತೆ. ಯಾರದು?"

ಮೇಡಂ ನನ್ನನ್ನೇ ನೋಡುತ್ತಿದ್ದರು. ಅಕ್ಕ ನಗು ತಡೆಯಲಾರದೆ ತಲೆ ತಗ್ಗಿಸಿದ್ದರು.

"ನಾನೇ," ಎಂದು ಎದ್ದು ಓಡಿದೆ.