ಏಣಿಯ ಅಳತೆ

"ಬಾಗಿಲು ಬಿಚ್ಚದೆ ಇದು ಒಳಗೆ ಹೋಗಲ್ಲ ಸಾರ್," ಎಂದು ಲಾರಿಯವನು ಪೆಟ್ಟಿಗೆಯನ್ನು ಹೊಸ್ತಿಲ ಮೇಲೆ ಇಳಿಸಿ ಬೆವರು ಒರೆಸಿಕೊಂಡ. ಪೆಟ್ಟಿಗೆಯ ಒಂದು ಮೂಲೆ ಮಾತ್ರ ಬಾಗಿಲೊಳಗಿತ್ತು, ಉಳಿದದ್ದೆಲ್ಲ ಬೀದಿಯಲ್ಲಿತ್ತು. "ಮನೆಗೆ ಇಷ್ಟು ದೊಡ್ಡ ಪ್ರಿಂಟರ್ ಯಾರು ತರಿಸ್ತಾರೆ? ಅಂಗಡಿ ಇಡ್ತೀರಾ?"

ಫೋಟೋಗ್ರಾಫರ್ ಇದ್ದೊಂದು ಸ್ಟುಡಿಯೋವನ್ನೂ ಮುಚ್ಚಿ ಕೂತಿದ್ದ. ಬಾಗಿಲು ಸಾಲುತ್ತದೆ ಎಂದು ಕಣ್ಣಳತೆಯಲ್ಲೇ ತೀರ್ಮಾನಿಸಿ ಯಂತ್ರ ತರಿಸಿದ್ದ. ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಎದ್ದು ಬಂದಳು. ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಪೆಟ್ಟಿಗೆಗೊಮ್ಮೆ, ಬಾಗಿಲಿಗೊಮ್ಮೆ ಹಿಡಿದು ನೋಡಿದಳು.

"ಬಾಗಿಲು ಯಾಕೆ ಬಿಚ್ತೀರಿ, ಪೆಟ್ಟಿಗೆ ಬಿಚ್ಚಿ. ದಪ್ಪ ಇರೋದು ಅದರ ಥರ್ಮಾಕೋಲು."

ಹಾಗೇ ಆಯಿತು. ಯಂತ್ರ ಸಲೀಸಾಗಿ ಒಳಗೆ ಬಂತು.

"ಎಲ್ಲಿ ಇಡೋಣಮ್ಮ?" ಎಂದ ಲಾರಿಯವನು.

ಈ ಪ್ರಶ್ನೆಗೆ ಹೆದರಿಯೇ ಫೋಟೋಗ್ರಾಫರ್ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮನೆಯಲ್ಲಿ ಜಾಗವಿದ್ದದ್ದು ಒಂದೇ ಕಡೆ.

"ಅವಳ ಕೋಣೇಲಿ ಇಡಿ. ಮಂಚ ಎತ್ತಿ ಗೋಡೆಗೆ ಒರಗಿಸಿ," ಎಂದಳು ಹೆಂಡತಿ. ತಾನೇ ಮೊದಲು ಒಳಗೆ ಹೋಗಿ ಹಾಸಿಗೆಯ ಮೇಲಿನ ಹೊದಿಕೆಯನ್ನು ಮಡಚಿ ಎತ್ತಿಕೊಂಡಳು.

ಮಗಳು ಹದಿನಾರು ತುಂಬುವಷ್ಟರಲ್ಲೇ ಅಪ್ಪನ ಕಿವಿಯ ಮಟ್ಟಕ್ಕೆ ಬೆಳೆದಿದ್ದಳು. ಮನೆಯಲ್ಲಿ ಅವಳನ್ನು ಏಣಿ ಎಂದೇ ಕರೆಯುತ್ತಿದ್ದರು. ಹೊಲಿದ ಬಟ್ಟೆ ನೋಡನೋಡುತ್ತ ಗಿಡ್ಡವಾಗುತ್ತಿದ್ದುದರಿಂದ ತಾಯಿ ಪ್ರತಿ ಫ್ರಾಕಿನ ಕೆಳಗೂ ಎರಡು ಇಂಚು ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿಯುತ್ತಿದ್ದಳು. ಅವಳು ಬೆಳೆದಂತೆ ಅದನ್ನು ಬಿಚ್ಚಿ ಇಳಿಬಿಟ್ಟರೆ ಸಾಕು. ಹೋದ ವರ್ಷ ಒಂದು ಜ್ವರ ಬಂತು. ಡಾಕ್ಟರು ಅದಕ್ಕೊಂದು ಹೆಸರು ಹುಡುಕುವ ಮೊದಲೇ ಅವಳು ಹೋಗಿಬಿಟ್ಟಳು.

ಊರವರ ಮಕ್ಕಳನ್ನೆಲ್ಲ ನಗಿಸಿ ನಗಿಸಿ ಫೋಟೋ ತೆಗೆದವನ ಬಳಿ ತನ್ನ ಮಗಳದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಇದ್ದವೆಲ್ಲ ಟ್ರಯಲ್‌ಗಳು. ಕೆಲಸಕ್ಕೆ ಹೊರಡುವ ಮುಂಚೆ ಬೆಳಕು, ಬಣ್ಣ ಸರಿಯಿದೆಯೇ ನೋಡಲು ಅವಳ ಕೈಗೊಂದು ಬೂದು ರಟ್ಟು ಕೊಟ್ಟು ಗೋಡೆಯ ಮುಂದೆ ನಿಲ್ಲಿಸುತ್ತಿದ್ದ. "ಬೇಗ ಅಪ್ಪಾ, ಹೋಂವರ್ಕ್ ಇದೆ," ಎಂದು ಅವಳು ಮುಖ ಸಿಂಡರಿಸುತ್ತಿದ್ದಳು. ಅವಳದನ್ನು ಪುರುಸೊತ್ತಾಗಿ ತೆಗೆದರಾಯಿತು, ಮನೆಯಲ್ಲೇ ಇರುತ್ತಾಳಲ್ಲ ಎಂದುಕೊಂಡಿದ್ದ.

ಅವುಗಳಲ್ಲೇ ಒಂದನ್ನು ಆರಿಸಿ ದೊಡ್ಡದು ಮಾಡಿಸಲು ಲ್ಯಾಬಿಗೆ ಕೊಟ್ಟ. ಬಂದ ಚಿತ್ರದಲ್ಲಿ ಅವಳ ಬಣ್ಣ ಬೆಳ್ಳಗಾಗಿತ್ತು. ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದು ಗಲ್ಲದ ಮೇಲಾಗಿದ್ದ ಗಾಯದ ಗುರುತು ಮಾಯವಾಗಿತ್ತು. ರಟ್ಟಿನ ಜಾಗದಲ್ಲಿ ಹೂಗೊಂಚಲು ಬಂದಿತ್ತು. "ಫುಲ್ ಕ್ಲೀನ್ ಮಾಡಿಸಿದೀನಿ ಅಣ್ಣ, ನೀವು ಹಳಬರು, ಎಕ್ಸ್‌ಟ್ರಾ ಬೇಡ," ಎಂದಿದ್ದ ಲ್ಯಾಬಿನವನು. ಅವನನ್ನು ಬೈಯಲು ಬಾಯಿ ಬರಲಿಲ್ಲ. ಎಷ್ಟು ಮದುಮಕ್ಕಳ ಮಚ್ಚೆಗಳನ್ನು ತಾನೇ ಕೈಯಾರೆ ಅಳಿಸಿದ್ದನೋ.

ಹೆಂಡತಿ ಅದನ್ನು ಬಹಳ ಹೊತ್ತು ನೋಡಿ, "ಇವಳು ಯಾರು?" ಎಂದಿದ್ದಳು. ಆಮೇಲೆ ಅದನ್ನು ಬೀರುವಿನ ಹಿಂದೆ ಗೋಡೆಗೆ ಮುಖಮಾಡಿ ನಿಲ್ಲಿಸಿಬಿಟ್ಟಳು. ಅಲ್ಲಿಂದಾಚೆ ಮನೆಯಲ್ಲಿ ಫೋಟೋದ ಮಾತೇ ಏಳಲಿಲ್ಲ. ಹತ್ತು ದಿನಗಳ ಹಿಂದೆ ಊಟದ ಮಧ್ಯೆ ತಟ್ಟನೆ ಕೇಳಿದಳು, "ರೀ, ಗಲ್ಲದ ಮೇಲಿನ ಗುರುತು ಎಡಕ್ಕಿತ್ತಾ, ಬಲಕ್ಕಿತ್ತಾ? ನೆನಪೇ ಆಗ್ತಿಲ್ಲ." ಎಡಕ್ಕೆ ಎಂದು ಅವನು ಹೇಳಿದ. ಮಾರನೆಯ ದಿನವೇ ಉಳಿದಿದ್ದ ಕ್ಯಾಮೆರಾಗಳನ್ನು ಮಾರಿ ಪ್ರಿಂಟರಿಗೆ ಹೇಳಿ ಬಂದ. ಇನ್ನೊಬ್ಬರ ಕೈಗೆ ಮಗಳನ್ನು ಕೊಡಬಾರದು, ಅಷ್ಟೇ ಅವನ ಹಟ.

ಪ್ರಿಂಟರ್ ಬಂದ ಮರುದಿನ ಬೆಳಗಿನ ಬಿಸಿಲು ಕೋಣೆಗೆ ಬಂದಿತ್ತು. ಯಂತ್ರ ಗುರುಗುಟ್ಟಿ, ಒಳಗಿನ ಇಂಕಿನ ಡಬ್ಬಿಯನ್ನು ಅತ್ತಿಂದಿತ್ತ ಓಡಾಡಿಸುತ್ತ ಕಾಗದವನ್ನು ಇಷ್ಟಿಷ್ಟೇ ಹೊರಗೆ ಬಿಡತೊಡಗಿತು. ಮೊದಲು ಬೈತಲೆ, ಆಮೇಲೆ ಹಣೆ, ಬೆಳಕಿಗೆ ಕಿರಿದಾದ ಕಣ್ಣುಗಳು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಈ ಸಲವೂ ಇವಳು ಯಾರು ಎಂದುಬಿಟ್ಟರೆ ತನ್ನ ಬಳಿ ಇನ್ನು ದಾರಿಯಿಲ್ಲ ಎಂದು ಅವನಿಗೆ ಗೊತ್ತಿತ್ತು. ಗಲ್ಲ ಬಂತು. ಎಡಗಡೆ ಗುರುತೂ ಬಂತು. ಅವಳು ಒಳಗೆ ಬಂದಳು.

ಪೂರ್ತಿ ಚಿತ್ರ ಹೊರಬಂದ ಮೇಲೆ ನೆಲದ ಮೇಲೆ ಹಾಸಿದ. ರಟ್ಟು ಹಿಡಿದು ನಿಂತ ಮಗಳು, ತಲೆಯಿಂದ ಪಾದದವರೆಗೆ, ಆಳೆತ್ತರಕ್ಕೆ. ಹೆಂಡತಿ ಮಂಡಿಯೂರಿ ಕೂತು ಕೊರಳಿನ ಟೇಪು ತೆಗೆದಳು. ಈ ಭುಜದಿಂದ ಆ ಭುಜಕ್ಕೆ ಹಿಡಿದಳು.

"ಇದು ಏಣಿ ಅಲ್ಲ."

ಅವನು ಪಕ್ಕದಲ್ಲೇ ಕುಕ್ಕರಿಸಿ ಟೇಪಿನ ಮೇಲೆ ಬಗ್ಗಿದ.

"ಭುಜ ಹದಿನಾರು ಇಂಚು ಬರ್ತಿದೆ. ಅವಳದು ಹದಿನಾಲ್ಕು."

"ಕಾಗದ ತುಂಬಲಿ ಅಂತ ಸ್ವಲ್ಪ ಹಿಗ್ಗಿಸಿದೆ. ಸ್ಟುಡಿಯೋ ಅಭ್ಯಾಸ..."

"ಹಿಗ್ಗಿಸೋದು ಕುಗ್ಗಿಸೋದು ನಿಮ್ಮ ಗಿರಾಕಿಗಳಿಗೆ ಇಟ್ಕೊಳ್ಳಿ. ನನ್ನ ಮಗಳನ್ನ ಅವಳ ಅಳತೆಗೇ ಮಾಡಿಕೊಡಿ."

ಬೈಸಿಕೊಂಡು ಅವನಿಗೆ ಇಷ್ಟು ಸಮಾಧಾನ ಎಂದೂ ಆಗಿರಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ಯಂತ್ರದ ಮುಂದೆ ಕೂತ.

ಎರಡನೆಯದು ಹೊರಬಂದಾಗ ಇಬ್ಬರೂ ಸೇರಿ ಹಿಡಿದು ಹಾಸಿದರು. ಅವಳು ಭುಜ ಅಳೆದಳು, ತೋಳು ಅಳೆದಳು, ಕತ್ತಿನಿಂದ ಮಂಡಿಯ ಕೆಳಗಿನವರೆಗೆ ಟೇಪು ಎಳೆದಳು. ಯಾವುದನ್ನೂ ಬರೆದಿಟ್ಟವಳಲ್ಲ. ಪ್ರತಿ ಸಲವೂ ಹೂಂ ಎಂದಳು. ಕೊನೆಗೆ ಟೇಪು ಬಿಟ್ಟು ಅಂಗೈಯನ್ನು ಮಗಳ ಕೆನ್ನೆಯ ಮೇಲಿಟ್ಟಳು. ಇಂಕು ಇನ್ನೂ ಹಸಿಯಿತ್ತು; ಅವನು ತಡೆಯಲಿಲ್ಲ.

"ಫ್ರಾಕು ಆಗಲೇ ಮೇಲೇರಿತ್ತು ನೋಡಿ," ಎಂದಳು.

ಅವನು ಸ್ಕೇಲನ್ನು ಪಾದಗಳ ಕೆಳಗೆ ಒತ್ತಾಗಿ ಇಟ್ಟು, ಉಳಿದ ಬಿಳಿ ಕಾಗದ ಕತ್ತರಿಸಲು ಬ್ಲೇಡು ಎತ್ತಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ಅಲ್ಲಿಗೇ ಬೇಡ. ಕೆಳಗೆ ಎರಡು ಇಂಚು ಬಿಡಿ."

ಅವನು ಅವಳ ಮುಖ ನೋಡಿದ. ಸ್ಕೇಲನ್ನು ಕೆಳಕ್ಕೆ ಸರಿಸಿ ಕತ್ತರಿಸಿದ. ಅವಳು ಆ ಬಿಳಿ ಅಂಚನ್ನು ಹಿಂದಕ್ಕೆ ಮಡಚಿ, ಮಡಿಕೆಯ ಉದ್ದಕ್ಕೂ ಉಗುರಿನಿಂದ ಮೆಲ್ಲಗೆ ಒತ್ತುತ್ತ ಹೋದಳು.